ಹೆಣ್ಣುಗರುವೂ ಅದನ್ನು ಸಾಕುವವರೂ

ಕೇಳುಗರೆ, ನಮಸ್ಕಾರ.

ಪಶುಪಾಲನಾ ಇಲಾಖೆಯ ಸಿಬ್ಬಂದಿಯಾಗಿ ತಿಪಟೂರು ಸೀಮೆಯ ಹಳ್ಳಿಗಳಲ್ಲಿ ತಿರುಗಾಡುವ ನಮ್ಮಂಥವರ ಕೈಯಲ್ಲಿ ಔಷಧದ ಪೆಟ್ಟಿಗೆಯೋ ಕೃತಕ ಗರ್ಭಧಾರಣೆಯ ವೀರ್ಯನಳಿಕೆಗಳ ಜಾಡಿಯೋ ಇದ್ದೇ ಇರುವುದರಿಂದ, ನಮ್ಮ ಕೆಲಸವೆಂದರೆ ಸೂಜಿ ಚುಚ್ಚುವುದಷ್ಟೇ ಎಂದು ಜನ ತಿಳಿದಿರುವುದು ಸಹಜ. ಆದರೆ ವಿಸ್ತರಣೆ ಎಂಬ ಹೆಸರಿನಲ್ಲಿ ನಾವು ಮಾಡಬೇಕಾದ ಇನ್ನೊಂದು ಕೆಲಸವಿದೆ. ರೋಗ ಬರುವ ಮೊದಲೇ, ಹಸು ಬೆದೆಗೆ ಬರುವ ಮೊದಲೇ ಕೊಟ್ಟಿಗೆಯಲ್ಲಿ ಏನಾಗಬೇಕೆಂಬುದನ್ನು ಸಾಕುವವರಿಗೆ ಮನವರಿಕೆ ಮಾಡಿಕೊಡುವ ಕೆಲಸ ಅದು. ಅದನ್ನು ಯಾರಿಗೆ ಮನವರಿಕೆ ಮಾಡಿಕೊಡಬೇಕೆಂಬ ಪ್ರಶ್ನೆಯನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ.

ಹಾಲಿನ ಡೈರಿಯ ಕಟ್ಟಡದಲ್ಲಿ ಸಭೆ ಕರೆದರೆ ಬರುವವರು ಹೆಚ್ಚಾಗಿ ಸಂಘದ ಸದಸ್ಯರಾದ ಗಂಡಸರು. ಕೊಟ್ಟಿಗೆ ಗುಡಿಸುವವರು, ಹಾಲು ಕರೆಯುವವರು, ಮೇವು ಹಾಕುವವರು ಮನೆಯ ಹೆಣ್ಣುಮಕ್ಕಳು. ಕರುವನ್ನು ಬಿಟ್ಟು ಕಟ್ಟುವವರು ಎಷ್ಟೋ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳು. ಸಭೆಯಲ್ಲಿ ನಾವು ಹೇಳಿದ್ದು ಇವರ ಕಿವಿಗೆ ಬೀಳುವ ಹೊತ್ತಿಗೆ ಅರ್ಧ ಸೋರಿಹೋಗಿರುತ್ತದೆ. ಆದ್ದರಿಂದ ಕರು ಸಾಕಣೆಯ ಮಾತನ್ನು ನಾನು ಸಭೆಗಿಂತ ಹೆಚ್ಚಾಗಿ, ಬೆಳಗಿನ ಹಾಲು ಹಾಕಿ ಬಂದ ಮೇಲೆ ಕೊಟ್ಟಿಗೆಯ ಬಾಗಿಲಲ್ಲೇ ಆಡುತ್ತೇನೆ.

ಅಲ್ಲಿ ಮೊದಲು ಎದುರಾಗುವುದು ಗಿಣ್ಣುಹಾಲಿನ ವಿಚಾರ. ಹಸು ಈದ ಮೇಲೆ ಸತ್ತೆ, ಅಂದರೆ ಮಾಸು ಅಥವಾ ಕಸ, ಬೀಳುವವರೆಗೂ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ‘ಕಸಾನೇ ಬಿದ್ದಿಲ್ಲ ಸಾರ್, ಈಗ್ಲೇ ಹೆಂಗ್ ಬಿಡೋದು?’ ಎಂದು ಕೇಳುವ ಅಜ್ಜಿಯರನ್ನು ಗದರಿಸಿ ಪ್ರಯೋಜನವಿಲ್ಲ. ಕಾರಣವನ್ನು ಬಿಡಿಸಿ ಹೇಳಬೇಕು. ಹಸುವಿನ ರೋಗನಿರೋಧಕ ಶಕ್ತಿ ಗರ್ಭದಲ್ಲಿರುವಾಗ ಕರುವಿಗೆ ದಾಟುವುದಿಲ್ಲ, ಅದು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಆ ಶಕ್ತಿಯನ್ನು ಹೀರಿಕೊಳ್ಳುವ ಗುಣ ಕರುವಿನ ಕರುಳಿನಲ್ಲಿ ಗಂಟೆಗಂಟೆಗೂ ಕುಂದುತ್ತಾ ಹೋಗಿ, ಒಂದು ದಿನ ಕಳೆಯುವಷ್ಟರಲ್ಲಿ ಬಹುತೇಕ ಇಲ್ಲವಾಗುತ್ತದೆ. 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣುಹಾಲು ಬೇಕು, ಅದರಲ್ಲಿ ಅರ್ಧದಷ್ಟು ಹುಟ್ಟಿದ ಎರಡು ಗಂಟೆಗಳೊಳಗೇ ಹೊಟ್ಟೆ ಸೇರಬೇಕು. ಇನ್ನೊಂದು ಮಾತನ್ನೂ ಅಜ್ಜಿಯರಿಗೆ ಹೇಳುತ್ತೇನೆ: ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಉಂಟಾಗುವ ರಸದೂತವೇ, ಅಂದರೆ ಹಾರ್ಮೋನೇ, ಗರ್ಭಕೋಶವನ್ನು ಕುಗ್ಗಿಸಿ ಸತ್ತೆ ಬೀಳಲು ನೆರವಾಗುತ್ತದೆ. ಕರು ಕುಡಿಯುವುದರಿಂದ ಸತ್ತೆಗೆ ತೊಂದರೆಯಿಲ್ಲ, ಅನುಕೂಲವೇ ಇದೆ ಎಂದು ಗೊತ್ತಾದ ಮನೆಗಳಲ್ಲಿ ಹಳೆಯ ರೂಢಿ ಜಗಳವಿಲ್ಲದೆ ಸಡಿಲಗೊಂಡಿದೆ. ಗಿಣ್ಣು ಕಾಸಿ ನೆರೆಹೊರೆಗೆ ಹಂಚುವುದಕ್ಕೆ ನನ್ನ ತಕರಾರೇನಿಲ್ಲ, ನಾನೂ ತಿಂದವನೇ. ಕರು ಕುಡಿದು ಉಳಿದದ್ದರಲ್ಲಿ ಅದು ಆಗಲಿ ಎನ್ನುವುದಷ್ಟೇ ನನ್ನ ಮಾತು.

ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದು, ಹುಟ್ಟಿದ ಹತ್ತು ಹದಿನೈದು ದಿನಕ್ಕೆ ಮೊದಲ ಬಾರಿ, ಆಮೇಲೆ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಜಂತುನಾಶಕ ಕುಡಿಸುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿಗಳೇ. ಆದರೂ ಅವು ತಪ್ಪುತ್ತವೆ, ಏಕೆಂದರೆ ಕರು ಇನ್ನೂ ಹಾಲು ಕೊಡುವುದಿಲ್ಲ, ಡೈರಿಯ ಬಟವಾಡೆಯಲ್ಲಿ ಅದರ ಹೆಸರಿಲ್ಲ. ಚೆನ್ನಾಗಿ ಬೆಳೆಸಿದ ಮಿಶ್ರತಳಿಯ ಹೆಣ್ಣುಗರು 28 ರಿಂದ 30 ತಿಂಗಳಿಗೆ ಮೊದಲ ಕರು ಹಾಕಬಲ್ಲದು. ಸೊರಗಿದ ಕರು ಮೂರು ವರ್ಷ ದಾಟಿದರೂ ಬೆದೆಗೆ ಬಾರದೆ, ಅಷ್ಟು ತಿಂಗಳೂ ಮೇವು ತಿಂದುಕೊಂಡೇ ನಿಂತಿರುತ್ತದೆ. ಈ ನಷ್ಟ ಯಾವ ಪಾಸ್‌ಬುಕ್ಕಿನಲ್ಲೂ ನಮೂದಾಗುವುದಿಲ್ಲವಾದ್ದರಿಂದ ರೈತನ ಕಣ್ಣಿಗೆ ಬೀಳುವುದೇ ಇಲ್ಲ.

ಕಣ್ಣಿಗೆ ಬೀಳುವಂತೆ ಮಾಡುವ ಉಪಾಯವನ್ನು ನಾನು ಪ್ರೌಢಶಾಲೆಯ ಮಕ್ಕಳ ಕೈಗೆ ಕೊಡುತ್ತೇನೆ. ಅದಕ್ಕೆ ಬೇಕಾದದ್ದು ದರ್ಜಿಯ ಟೇಪು ಮತ್ತು ಒಂದು ನೋಟ್‌ಬುಕ್. ಮುಂಗಾಲುಗಳ ಹಿಂದೆ ಕರುವಿನ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚುಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660 ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ಹೆಚ್ಚುಕಡಿಮೆ ಸಿಗುತ್ತದೆ. ಸುತ್ತಳತೆ 40 ಇಂಚು, ಉದ್ದ 38 ಇಂಚು ಇದ್ದರೆ ತೂಕ ಸುಮಾರು 92 ಕಿಲೋ. ತಿಂಗಳು ಬಿಟ್ಟು ಅಳೆದಾಗ ಅದು 42 ಮತ್ತು 40 ಇಂಚು ಆಗಿದ್ದರೆ ತೂಕ 107 ಕಿಲೋ, ಅಂದರೆ ದಿನಕ್ಕೆ ಅರ್ಧ ಕಿಲೋದಷ್ಟು ಬೆಳವಣಿಗೆ, ಅದು ಒಳ್ಳೆಯ ಲಕ್ಷಣ. ಎರಡು ತಿಂಗಳಾದರೂ ಟೇಪು ಕದಲದಿದ್ದರೆ ಜಂತುವೋ, ಹಾಲಿನ ಕೊರತೆಯೋ, ಏನೋ ಇದೆ ಎಂದು ಮಗುವೇ ಅಪ್ಪನಿಗೆ ಲೆಕ್ಕ ತೋರಿಸುತ್ತದೆ. ನಾನು ಹೇಳಿದರೆ ‘ನೋಡೋಣ ಬಿಡಿ’ ಎನ್ನುವ ಅಪ್ಪಂದಿರು ಮಗಳು ಬರೆದಿಟ್ಟ ಲೆಕ್ಕದ ಮುಂದೆ ಸುಮ್ಮನಾಗುವುದನ್ನು ನೋಡಿದ್ದೇನೆ.

ಈ ಮಕ್ಕಳೇ ಕರು ಪ್ರದರ್ಶನದ ದಿನ ತಮ್ಮ ಕರುಗಳನ್ನು ತೊಳೆದು ಹಿಡಿದುಕೊಂಡು ಬರುತ್ತಾರೆ. ನಮ್ಮ ಪ್ರದರ್ಶನಗಳಲ್ಲಿ ಬಹುಮಾನಕ್ಕಿಂತ ಭಾಷಣವೇ ಹೆಚ್ಚಾಗುತ್ತದೆ ಎಂಬ ದೂರು ನನ್ನದೂ ಹೌದು. ಮಿರುಗುವ ಮೈಗಿಂತ ವಯಸ್ಸಿಗೆ ತಕ್ಕ ಬೆಳವಣಿಗೆಗೂ, ಅದನ್ನು ಬರೆದಿಟ್ಟ ನೋಟ್‌ಬುಕ್ಕಿಗೂ ಹೆಚ್ಚು ಅಂಕ ಸಿಗಬೇಕು. ವೇದಿಕೆಗೆ ಬರುವ ಹೆಸರು ಯಜಮಾನನದಲ್ಲ, ಕರು ಸಾಕಿದವರದಾಗಬೇಕು.

ಕರುಗಳೆಲ್ಲ ಒಂದೆಡೆ ಸೇರುವ ಆ ದಿನ ಕಂದುರೋಗದ, ಅಂದರೆ ಬ್ರೂಸೆಲ್ಲೋಸಿಸ್‌ನ, ಲಸಿಕೆಯ ಮಾತನ್ನೂ ಎತ್ತಬೇಕು. ನಾಲ್ಕರಿಂದ ಎಂಟು ತಿಂಗಳ ಪ್ರಾಯದ ಹೆಣ್ಣುಗರುಗಳಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ ಹಾಕುವ ಲಸಿಕೆ ಅದು. 2019 ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಇದೂ ಸೇರಿದೆ. ಈ ರೋಗದಿಂದ ಹಸು ಕಂದು ಹಾಕುತ್ತದೆ, ಅಂದರೆ ಅದಕ್ಕೆ ಗರ್ಭಪಾತವಾಗುತ್ತದೆ. ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ಎತ್ತಿ ಹಾಕುವವರಿಗೂ ರೋಗ ಅಂಟಿ, ಬಿಟ್ಟು ಬಿಟ್ಟು ಬರುವ ಜ್ವರ ಮತ್ತು ಕೀಲುನೋವುಗಳಲ್ಲಿ ತಿಂಗಳುಗಟ್ಟಲೆ ನರಳಿಸುತ್ತದೆ. ಆ ಕೆಲಸ ಮಾಡುವವರು ಕೂಡ ಮನೆಯ ಹೆಣ್ಣುಮಕ್ಕಳೇ ಆಗಿರುವುದರಿಂದ, ಕೈಗವಸಿನ ವಿಷಯವನ್ನೂ ಅವರ ಎದುರಿಗೇ ಹೇಳಬೇಕು.

ಯುವಕರು ನನ್ನನ್ನು ಹೆಚ್ಚಾಗಿ ಕೇಳುವುದು ಸಹಾಯಧನದ ಬಗ್ಗೆ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 500 ಹೆಣ್ಣು ಮತ್ತು 25 ಗಂಡು ಕುರಿ ಅಥವಾ ಮೇಕೆಗಳ ಘಟಕಕ್ಕೆ ವೆಚ್ಚದ ಶೇಕಡ 50 ರಷ್ಟು, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ನೆರವು ಇರುವುದು ನಿಜ. ಆದರೆ ಒಂದು ಕರುವನ್ನೂ ಸಾಕಿ ನೋಡದೆ 500 ತಲೆಯ ಅರ್ಜಿ ಹಿಡಿದು ಬರುವ ಹುಡುಗನಿಗೆ, ಮೊದಲು ಒಂದು ವರ್ಷ ಮನೆಯ ಕರುಗಳ ಲೆಕ್ಕ ಬರೆ ಎಂದು ನಾನು ಹೇಳುತ್ತೇನೆ. ಅವನಿಗೆ ಅದು ರುಚಿಸುವುದಿಲ್ಲ, ಆದರೂ ಹೇಳುತ್ತೇನೆ. ನಿಜವಾಗಿ ಆಸಕ್ತಿ ಹುಟ್ಟಿದವರಿಗೆ ಎಸ್‌ಎಸ್‌ಎಲ್‌ಸಿ ನಂತರ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ನಮ್ಮ ತಿಪಟೂರಿನ ಪಕ್ಕದ ಕೋನೇಹಳ್ಳಿಯಲ್ಲೂ ಅಂಥದೊಂದು ಇದೆ. ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕೋರ್ಸಿಗೆ ಎಸ್‌ಎಸ್‌ಎಲ್‌ಸಿ ಫಲಿತಾಂಶದ ನಂತರ ಅರ್ಜಿ ಕರೆಯುತ್ತಾರೆ. ವಿವರ ಬೇಕಾದವರು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕರುವಿಗೆ ತುರ್ತು ಚಿಕಿತ್ಸೆ ಬೇಕಾದಾಗ ಕರೆ ಮಾಡಬೇಕಾದ ಉಚಿತ ಸಂಖ್ಯೆ 1962.

ನಮಸ್ಕಾರ.