ಮಂಜೂಷ ಹೊತ್ತವರು, ಮಡಕೆ ಹಿಡಿದವರು

ಸ್ನೇಹಿತರೇ, ಇಸ್ರಾಯೇಲ್ಯರ ಯುದ್ಧಗಳೆಂದರೆ ನಮಗೆ ಥಟ್ಟನೆ ನೆನಪಾಗುವುದು ಯೆರಿಕೋವಿನ ಗೋಡೆ, ದಾವೀದನ ಕವಣೆಗಲ್ಲು. ನಾನು ಒಂದು ಸೋಲಿನಿಂದ ಆರಂಭಿಸುತ್ತೇನೆ. ದೇವರು ಕಾಪಾಡುತ್ತಾನೆಂದು ಹೊರಟವರು ನಿಜವಾಗಿ ನಂಬಿದ್ದು ಏನನ್ನು ಎಂಬುದು ಸೋತಾಗಲೇ ಬಯಲಾಗುವುದು.

ಬೈಬಲಿನ ಸಮುವೇಲನ ಮೊದಲ ಪುಸ್ತಕದ 4ನೆಯ ಅಧ್ಯಾಯ. ಇಸ್ರಾಯೇಲ್ಯರ ಶತ್ರುಗಳಾದ ಫಿಲಿಷ್ಟಿಯರು ಅಫೇಕಿನಲ್ಲಿ ಬೀಡುಬಿಟ್ಟಿದ್ದಾರೆ. ಮೊದಲ ದಿನದ ಕಾಳಗದಲ್ಲಿ ಇಸ್ರಾಯೇಲ್ಯರ ಸುಮಾರು 4,000 ಮಂದಿ ಸತ್ತಿದ್ದಾರೆ. ‘ಯೆಹೋವನು ನಮ್ಮನ್ನು ಏಕೆ ಸೋಲಿಸಿದ?’ ಎಂದು ಹಿರಿಯರು ತಮ್ಮ ದೇವರನ್ನು ಕುರಿತು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರಕ್ಕೆ ಕಾಯುವ ವ್ಯವಧಾನ ಯಾರಿಗೂ ಇಲ್ಲ. ಅದೇ ಉಸಿರಿನಲ್ಲಿ, ಶೀಲೋವಿನಿಂದ ಒಡಂಬಡಿಕೆಯ ಮಂಜೂಷ (ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪವಿತ್ರ ಪೆಟ್ಟಿಗೆ) ತರಿಸೋಣ ಎನ್ನುತ್ತಾರೆ. ಮಂಜೂಷ ಬಂದಾಗ ಪಾಳೆಯದ ಆರ್ಭಟಕ್ಕೆ ನೆಲ ಅದುರಿತಂತೆ. ಫಿಲಿಷ್ಟಿಯರೂ ಹೆದರಿದರು. ಹೆದರಿದ್ದರಿಂದಲೇ ಜೀವದ ಹಂಗು ತೊರೆದು ಕಾದಿದರು. 30,000 ಕಾಲಾಳುಗಳು ಬಿದ್ದರು, ಮಂಜೂಷ ಶತ್ರುಗಳ ಪಾಲಾಯಿತು. 98 ವರ್ಷದ ಯಾಜಕ ಏಲಿ, ಇಬ್ಬರು ಮಕ್ಕಳು ಸತ್ತರೆಂದು ಕೇಳಿದಾಗಲೂ ಕುಳಿತೇ ಇದ್ದ. ಮಂಜೂಷದ ಮಾತು ಬಂದೊಡನೆ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತ.

ಇದಕ್ಕೂ ಹಿಂದಿನದು ನ್ಯಾಯಸ್ಥಾಪಕರ ಪುಸ್ತಕದಲ್ಲಿರುವ ಗಿದ್ಯೋನನ ಕಥೆ. ಅವನು ಮೊದಲು ಕಾಣಿಸಿಕೊಳ್ಳುವುದು ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ, ಗೋಧಿ ಬಡಿಯುತ್ತಾ. ಕಣ ಮಾಡಿದವರಿಗೆ ಇದರ ಸಂಕಟ ಗೊತ್ತು: ಹೊಟ್ಟು ತೂರಲು ಗಾಳಿ ಬೇಕು, ಬಯಲು ಬೇಕು. ಬಯಲಿಗೆ ಬಂದರೆ ಮಿದ್ಯಾನ್ಯರು ಕಾಳು ದೋಚುತ್ತಾರೆ. ಏಳು ವರ್ಷ ಹೀಗೆಯೇ ನಡೆದಿದೆ. ‘ಯೆಹೋವನು ನಿನ್ನ ಸಂಗಡ ಇದ್ದಾನೆ’ ಎಂದ ದೂತನಿಗೆ ಅವನು ಕೈಮುಗಿಯುವುದಿಲ್ಲ. ಇದ್ದರೆ ನಮಗೇಕೆ ಈ ಗತಿ ಎಂದು ಕೇಳುತ್ತಾನೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಮಾತು ಇದು. ಇಲ್ಲಿ ನಂಬಿಕೆ ಶುರುವಾಗುವುದೇ ಜಗಳದಿಂದ.

ಅವನ ಬಳಿ ಸೇರಿದವರು 32,000. ಹೆದರಿದವರು ಹೋಗಬಹುದು ಎಂದು ಯೆಹೋವನು ಹೇಳಿಸಿದಾಗ 22,000 ಮಂದಿ ಮನೆಗೆ ಹೋದರು. ಹರೋದಿನ ಚಿಲುಮೆಯ ಬಳಿ ನೀರು ಕುಡಿಸಿ ನೋಡಿದ ಮೇಲೆ ಉಳಿದವರು 300. (ಹೀಬ್ರೂವಿನಲ್ಲಿ ‘ಸಾವಿರ’ ಎನ್ನುವ ಪದಕ್ಕೆ ಕುಲದ ತುಕಡಿ ಎಂಬ ಅರ್ಥವೂ ಇದೆ, ದೊಡ್ಡ ಅಂಕಿಗಳ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ.) ನಮ್ಮ ಕೈಯೇ ನಮ್ಮನ್ನು ರಕ್ಷಿಸಿತೆಂದು ಇವರು ಕೊಚ್ಚಿಕೊಳ್ಳಬಾರದು, ಕಾರಣ ಅಷ್ಟೇ. ಇನ್ನು ಆ ಕೈಗಳನ್ನೇ ನೋಡಿ. ನಡುರಾತ್ರಿ, ಪಂಜು ಮುಚ್ಚಿಟ್ಟಿದ್ದ ಮಡಕೆ ಒಡೆದಾಗ ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಂಬು. ಕತ್ತಿ ಹಿಡಿಯಲು ಮೂರನೆಯ ಕೈ ಎಲ್ಲಿದೆ? ನಿದ್ದೆಗಣ್ಣಿನ ಮಿದ್ಯಾನ್ಯರು ತಮ್ಮವರ ಮೇಲೆಯೇ ಕತ್ತಿ ಬೀಸಿದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ನಮ್ಮ ಬೋಧಕರ ರೂಢಿ. ಪುಸ್ತಕ ನಿಲ್ಲಿಸುವುದಿಲ್ಲ. ನೀನೇ ನಮ್ಮನ್ನು ಆಳು ಎಂದು ಜನ ಕೇಳಿದಾಗ ಗಿದ್ಯೋನ, ಯೆಹೋವನೇ ಆಳಲಿ ಎಂದ. ಆಮೇಲೆ ಕೊಳ್ಳೆಯಲ್ಲಿ ಸಿಕ್ಕ ಮುರುವುಗಳನ್ನು ಕೇಳಿ ಪಡೆದ. ಆ ಚಿನ್ನ 1,700 ಶೆಕೆಲ್ ತೂಗಿತು. ಅದರಿಂದ ಒಂದು ಏಫೋದನ್ನು (ಯಾಜಕರ ಮೇಲುಡುಪು) ಮಾಡಿಸಿ ತನ್ನೂರು ಒಫ್ರದಲ್ಲಿ ಇಟ್ಟ. ಜನ ಅದನ್ನೇ ಪೂಜಿಸತೊಡಗಿದರು.