ಆಶ್ರಯಕ್ಕೆ ಬಂದ ಮುದಿ ನಾಯಿ ಮತ್ತು ಮೂತ್ರಪಿಂಡದ ಕಾಯಿಲೆ

ಕೇಳುಗರಿಗೆ ನಮಸ್ಕಾರ.

ಬೀದಿಯಿಂದಲೋ ಪ್ರಾಣಿಗಳ ಆಶ್ರಯಧಾಮದಿಂದಲೋ ಮನೆಗೆ ಕರೆತಂದ ವಯಸ್ಸಾದ ನಾಯಿಗೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದೆಯೆಂದು ಪಶುವೈದ್ಯರು ಹೇಳಿದ ಕೂಡಲೇ, ಇದು ವಾಸಿಯಾಗುತ್ತದೆಯೇ ಎಂದು ಮನೆಯವರು ಕೇಳುವುದು ಸಹಜ. ವಾಸಿಯಾಗುವುದಿಲ್ಲ. ಹಾಳಾದ ಮೂತ್ರಪಿಂಡದ ಭಾಗ ಮತ್ತೆ ಬೆಳೆಯುವುದಿಲ್ಲ. ಆದರೆ ಉಳಿದಿರುವ ಭಾಗದ ಹೊರೆಯನ್ನು ಇಳಿಸುತ್ತಾ ಹೋದರೆ, ಆರಂಭದ ಹಂತಗಳಲ್ಲೇ ಕಾಯಿಲೆ ಪತ್ತೆಯಾದ ನಾಯಿಯು ಒಂದು ವರ್ಷಕ್ಕೂ ಹೆಚ್ಚು ಕಾಲ ನೆಮ್ಮದಿಯಾಗಿ ಬದುಕುವುದು ಅಪರೂಪವೇನಲ್ಲ.

ಆಶ್ರಯಕ್ಕೆ ಬಂದ ನಾಯಿಯ ವಿಷಯದಲ್ಲಿ ಒಂದು ತೊಡಕಿದೆ. ಅದರ ಹಿಂದಿನ ಬದುಕು ಯಾರಿಗೂ ತಿಳಿದಿರುವುದಿಲ್ಲ. ಹಲ್ಲಿನ ಸವೆತ ಮತ್ತು ಕಣ್ಣಿನ ಮಸೂರದ ನೀಲಿ ಛಾಯೆಯನ್ನು ನೋಡಿ ವೈದ್ಯರು ವಯಸ್ಸನ್ನು ಅಂದಾಜಿಸುತ್ತಾರೆ. (ಈ ಛಾಯೆಯನ್ನು ಪೊರೆ ಎಂದುಕೊಂಡು ಗಾಬರಿಯಾಗುವವರಿದ್ದಾರೆ, ಅದು ಬಹುಮಟ್ಟಿಗೆ ವಯಸ್ಸಿನ ಗುರುತಷ್ಟೇ.) ಉಣ್ಣಿಗಳ ಕಡಿತದಿಂದ ಎಂದೋ ಬಂದುಹೋದ ಉಣ್ಣಿಜ್ವರವು ಮೂತ್ರಪಿಂಡದ ಸೋಸುವ ಪರದೆಗಳನ್ನು ಕೆಡಿಸಿರಬಹುದಾದ್ದರಿಂದ, ರಕ್ತಪರೀಕ್ಷೆಯ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬುದನ್ನೂ ನೋಡಿಸಬೇಕು. ಕಾಯಿಲೆಯ ಹಂತವನ್ನು ಸಾಮಾನ್ಯವಾಗಿ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಪ್ರಮಾಣದ ಮೇಲೆ ನಿರ್ಧರಿಸುತ್ತಾರೆ, ಡೆಸಿಲೀಟರಿಗೆ 1.4ರಿಂದ 2.8 ಮಿಲಿಗ್ರಾಂವರೆಗೆ ಇದ್ದರೆ 2ನೇ ಹಂತ, 5ನ್ನು ಮೀರಿದರೆ 4ನೆಯ, ಅಂದರೆ ಕೊನೆಯ ಹಂತ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಹಸಿವಿನಿಂದ ಸೊರಗಿ ಸ್ನಾಯುಗಳೇ ಕರಗಿಹೋಗಿರುವ ನಾಯಿಯಲ್ಲಿ ಈ ಅಂಕಿ ಕಡಿಮೆಯಾಗಿಯೇ ಕಾಣುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಅಂಥ ನಾಯಿಗೆ ಸ್ನಾಯುವಿನ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ, ಮೂತ್ರಪಿಂಡದ ಕೆಲಸವನ್ನು ಅಳೆಯುವ ಇನ್ನೊಂದು ರಕ್ತಪರೀಕ್ಷೆಯಾದ ಎಸ್‌ಡಿಎಂಎ ಪರೀಕ್ಷೆಯನ್ನೂ ಮಾಡಿಸುವುದು ಉಚಿತ.

ಮನೆಯಲ್ಲಿ ಮೊದಲು ಕಾಣುವ ಬದಲಾವಣೆ ನೀರಿನದು. ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಕುಂದಿದ ಮೂತ್ರಪಿಂಡವು ನೀರನ್ನು ಹೊರಗೆ ಬಿಟ್ಟುಬಿಡುತ್ತದೆ, ಆ ನಷ್ಟವನ್ನು ತುಂಬಿಕೊಳ್ಳಲು ನಾಯಿ ಮತ್ತೆ ಮತ್ತೆ ಕುಡಿಯುತ್ತದೆ. ದಿನಕ್ಕೆ ಪ್ರತಿ ಕಿಲೋಗ್ರಾಂ ತೂಕಕ್ಕೆ 100 ಮಿಲಿಲೀಟರಿಗಿಂತ ಹೆಚ್ಚು ಕುಡಿದರೆ ಅದು ಅತಿಯಾಯಿತು. 15 ಕಿಲೋ ನಾಯಿಗೆ ಈ ಲೆಕ್ಕ ಒಂದೂವರೆ ಲೀಟರ್. ಮನೆಯೊಳಗೆ ಉಚ್ಚೆ ಮಾಡುತ್ತದೆಂದು ರಾತ್ರಿ ನೀರಿನ ಬಟ್ಟಲನ್ನು ಎತ್ತಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ನೀರಿನ ಕೊರತೆಯಾದ ಒಂದೇ ರಾತ್ರಿಯಲ್ಲಿ ಕಾಯಿಲೆ ತೀವ್ರವಾಗಬಹುದು. ನಡುರಾತ್ರಿ ಎದ್ದು ಒಮ್ಮೆ ಹೊರಗೆ ಕರೆದೊಯ್ಯುವುದು, ಮಲಗುವ ಕಡೆ ಒಗೆಯಬಹುದಾದ ಹಾಸು ಹಾಕುವುದು, ಇಷ್ಟೇ ಇದಕ್ಕೆ ಪರಿಹಾರ.

ಆಹಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಚಿಕಿತ್ಸೆ ಎಡವುವುದು ಇಲ್ಲಿಯೇ. ಮೂತ್ರಪಿಂಡದ ರೋಗಕ್ಕೆಂದು ತಯಾರಾದ ಆಹಾರದಲ್ಲಿ ರಂಜಕ (ಫಾಸ್ಫರಸ್) ಕಡಿಮೆ, ಪ್ರೋಟೀನ್ ಮಿತವಾಗಿದ್ದರೂ ಉತ್ತಮ ಗುಣಮಟ್ಟದ್ದು. ಕಾಯಿಲೆಯ ವೇಗವನ್ನು ತಗ್ಗಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಆದರೆ ಹೊಟ್ಟೆ ತೊಳಸುತ್ತಿರುವಾಗ ಹೊಸ ಆಹಾರವನ್ನು ಮುಂದಿಟ್ಟರೆ, ನಾಯಿ ಆ ಸಂಕಟಕ್ಕೂ ಆ ವಾಸನೆಗೂ ಗಂಟು ಹಾಕಿಕೊಂಡು ಅದನ್ನು ಮುಂದೆಂದೂ ಮುಟ್ಟದೆ ಇರಬಹುದು. ವಾಕರಿಕೆಯ ಲಕ್ಷಣಗಳು ಸೂಕ್ಷ್ಮವಾಗಿರುತ್ತವೆ. ನಾಯಿ ಬಟ್ಟಲಿನ ತನಕ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಬರಿಬಾಯಲ್ಲಿ ಎರಡು ಮೂರು ಸಲ ನುಂಗಿ, ಮುಖ ತಿರುಗಿಸಿ ಹೊರಟುಹೋಗುತ್ತದೆ. ಇದನ್ನು ಹಟವೆಂದೋ ಕೊಬ್ಬೆಂದೋ ತಿಳಿಯದೆ, ಮೊದಲು ವಾಕರಿಕೆಗೆ ಔಷಧ ಕೊಡಿಸಿ, ಅದು ಹಿಡಿತಕ್ಕೆ ಬಂದ ಮೇಲೆ ಒಂದೆರಡು ವಾರಗಳ ಅವಧಿಯಲ್ಲಿ ಹಳೆಯ ಆಹಾರಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಾ ಹೋಗಬೇಕು.

ಹಾಗೆಯೇ ಕಹಿ ಮಾತ್ರೆಯನ್ನು ಊಟದ ಬಟ್ಟಲಿನಲ್ಲಿ ಅಡಗಿಸಬಾರದು. ಎಂದೋ ಹೊಡೆತ ತಿಂದು, ಬಹಳ ಕಾಲದ ನಂತರ ಮನುಷ್ಯರ ಕೈಯನ್ನು ನಂಬಿದ ಪ್ರಾಣಿಗೆ ಊಟದಲ್ಲಿ ಮೋಸ ಕಂಡರೆ, ಅದು ಊಟವನ್ನೂ ಕೈಯನ್ನೂ ಒಟ್ಟಿಗೆ ಅನುಮಾನಿಸುತ್ತದೆ. ಮಾತ್ರೆಗೆಂದೇ ಬೇರೊಂದು ಚಿಕ್ಕ ತುತ್ತು, ಬೇರೊಂದು ಜಾಗ, ಬೇರೊಂದು ಹೊತ್ತು ಇರಲಿ. ರಂಜಕವನ್ನು ಹಿಡಿದಿಡುವ ಔಷಧಕ್ಕೆ ಮಾತ್ರ ಇದು ಅನ್ವಯಿಸದು, ಅದು ಊಟದೊಂದಿಗೇ ಹೊಟ್ಟೆ ಸೇರಬೇಕು. ದಿನವೂ ನಾಯಿಯನ್ನು ಒತ್ತಿ ಹಿಡಿದು ಹತ್ತು ಔಷಧಗಳನ್ನು ನುಂಗಿಸುವುದಕ್ಕಿಂತ, ಅದು ಒಪ್ಪಿ ತೆಗೆದುಕೊಳ್ಳುವ ನಾಲ್ಕನ್ನು ತಪ್ಪದೆ ಕೊಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಯಾವ ನಾಲ್ಕು ಎಂಬುದನ್ನು ವೈದ್ಯರೇ ಹೇಳಬೇಕು.

ಕಾಯಿಲೆ ಮುಂದುವರಿದಾಗ ಚರ್ಮದಡಿ ದ್ರವ ಕೊಡುವ ಕ್ರಮವನ್ನು ವೈದ್ಯರು ಮನೆಯವರಿಗೇ ಕಲಿಸಿಕೊಡುವುದುಂಟು. ಹೆಗಲುಗಳ ನಡುವಿನ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ ಹಿಡಿದು, ಅದರ ಬುಡಕ್ಕೆ ಸೂಜಿ ಸೇರಿಸಬೇಕು. ಇಳಿದ ದ್ರವವು ಮೊದಲು ಉಬ್ಬಾಗಿ ನಿಂತು, ಕೆಲವೊಮ್ಮೆ ಮುಂಗಾಲಿನ ಕಡೆಗೆ ಜಾರಿ, ಕೆಲವು ಗಂಟೆಗಳಲ್ಲಿ ಮೈಗೂಡುತ್ತದೆ. ದ್ರವದ ಚೀಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ತೆಗೆದಿದ್ದರೆ ನಾಯಿ ನಡುಗುವುದಿಲ್ಲ. ಮೂಲೆಗೆ ಒತ್ತರಿಸಿದರೆ ಬೆದರುವ ನಾಯಿಯನ್ನು ಕೋಣೆಯ ನಡುವೆ, ಜಾರದ ಚಾಪೆಯ ಮೇಲೆ ನಿಲ್ಲಿಸಿಕೊಳ್ಳಬೇಕು.

ರಕ್ತದೊತ್ತಡವನ್ನು ಮರೆಯುವಂತಿಲ್ಲ, ಅದು ಏರಿದರೆ ನಾಯಿಗೆ ಹಠಾತ್ತನೆ ಕಣ್ಣು ಕಾಣದಂತಾಗಬಹುದು. ಹೆದರಿದ ನಾಯಿಯಲ್ಲಿ ಅಂಕಿ ಸುಳ್ಳೇ ಏರುವುದರಿಂದ, ಚಿಕಿತ್ಸಾಲಯದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಹಲವು ಸಲ ಅಳೆಯುವಂತೆ ಕೇಳಿಕೊಳ್ಳಬೇಕು. ಮುದಿ ನಾಯಿಗೆ ಕೀಲುನೋವೂ ಇರುತ್ತದೆ. ಆದರೆ ಮನುಷ್ಯರ ನೋವಿನ ಮಾತ್ರೆಗಳನ್ನು, ಅದರಲ್ಲೂ ಐಬುಪ್ರೊಫೇನ್ ಮತ್ತು ಡೈಕ್ಲೊಫೆನಾಕ್‌ಗಳನ್ನು ಎಂದಿಗೂ ಕೊಡಬಾರದು. ದ್ರಾಕ್ಷಿ, ಒಣದ್ರಾಕ್ಷಿಗಳೂ ನಾಯಿಯ ಮೂತ್ರಪಿಂಡಕ್ಕೆ ವಿಷ.

ವಾರಕ್ಕೊಮ್ಮೆ ತೂಕ, ಕುಡಿದ ನೀರು, ಊಟದಲ್ಲಿ ಬಿಟ್ಟದ್ದೆಷ್ಟು, ವಾಂತಿಯಾದ ದಿನ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹಿಂದಿನ ದಾಖಲೆಯೇ ಇಲ್ಲದ ಪ್ರಾಣಿಗೆ ಈ ಪುಸ್ತಕವೇ ಮೊದಲ ದಾಖಲೆ. ಔಷಧದ ಪ್ರಮಾಣವನ್ನು ಬದಲಿಸುವಾಗ ವೈದ್ಯರಿಗೆ ಇದರಷ್ಟು ನೆರವಾಗುವುದು ಕಡಿಮೆ. ಕೊನೆಯ ನಿರ್ಧಾರದ ಕಾಲ ಹತ್ತಿರವಾದಾಗಲೂ ಇದೇ ಕೈಗೆ ಬರುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೊಬೊಸ್ ಅವರು ರೂಪಿಸಿದ ಅಳತೆಗೋಲು ನೋವು, ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ 7 ವಿಷಯಗಳಿಗೆ ತಲಾ 10ರವರೆಗೆ ಅಂಕ ಕೊಡುತ್ತದೆ, ಸ್ಥಿತಿ ಒಳ್ಳೆಯದಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆಯನ್ನು ಮುಂದುವರಿಸಬಹುದು. ಅಂಕಗಳನ್ನು ಮನೆಯ ಇಬ್ಬರು ಬೇರೆ ಬೇರೆಯಾಗಿ ಹಾಕಿ ಹೋಲಿಸುವುದು ಒಳ್ಳೆಯದು, ಏಕೆಂದರೆ ದಿನವಿಡೀ ಜೊತೆಗಿರುವವರಿಗೆ ನಿಧಾನವಾದ ಇಳಿತ ಕಾಣದೇ ಹೋಗುತ್ತದೆ. ದಯಾಮರಣದಲ್ಲಿ ಸಾಮಾನ್ಯವಾಗಿ ಮೊದಲು ಮಂಪರಿನ ಚುಚ್ಚುಮದ್ದು ಕೊಟ್ಟು, ನಾಯಿಗೆ ಎಚ್ಚರ ತಪ್ಪಿದ ಮೇಲೆಯೇ ಎರಡನೆಯದನ್ನು ಕೊಡುತ್ತಾರೆ. ಅದಕ್ಕಾಗಿ ವೈದ್ಯರು ಮನೆಗೆ ಬರುವರೇ, ಅಪರಾತ್ರಿ ಸ್ಥಿತಿ ಕೆಟ್ಟರೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ನಾಯಿ ಇನ್ನೂ ಚೆನ್ನಾಗಿ ತಿನ್ನುತ್ತಿರುವಾಗಲೇ ಕೇಳಿ, ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು.

ನಮಸ್ಕಾರ.