ಸಿಗ್ನಲ್‌ನಲ್ಲಿ ಮಾತ್ರ ಆಫ್ ಆಗುವ ಕಾರು: ಕಳ್ಳ ಎಲ್ಲಿದ್ದಾನೆ?

[ದೃಶ್ಯ: ಬೆಂಗಳೂರಿನ ಟೌನ್ ಹಾಲ್ ಸಿಗ್ನಲ್. ಡ್ಯಾಶ್‌ಬೋರ್ಡ್ ಹತ್ತಿರದಿಂದ. ಆರ್‌ಪಿಎಂ ಮುಳ್ಳು ಅಲುಗಾಡುತ್ತಿದೆ.]

ನಮಸ್ಕಾರ. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ, ಅಂದರೆ ಆರ್‌ಪಿಎಂ, ತೋರಿಸುವ ಈ ಮುಳ್ಳು ನೋಡಿ. 800ರ ಹತ್ತಿರ ಸುಮ್ನೆ ನಿಂತಿರಬೇಕು. ಇದು 1,100ಕ್ಕೆ ಏರುತ್ತದೆ, 500ಕ್ಕೆ ಬೀಳುತ್ತದೆ, ಆಮೇಲೆ ಇಂಜಿನ್ ಆಫ್. ಹಿಂದೆ ಹಾರ್ನ್ ಶುರು.

ಇದು ನನ್ನದೇ ಹಳೇ ಪೆಟ್ರೋಲ್ ಕಾರು. ಸ್ಪಾರ್ಕ್ ಪ್ಲಗ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಆಯಿತು. ತೊಂದರೆ ಹೋಗಲಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಒಂದು ಗಂಟೆ ನಿಲ್ಲಿಸಿದರೂ ಏನೂ ಆಗುತ್ತಿರಲಿಲ್ಲ. ಕೊನೆಗೆ ಒಬ್ಬ ಹುಡುಗ ಮೆಕ್ಯಾನಿಕ್ ಕೇಳಿದ: "ಆಫ್ ಆದಾಗ ನಿಮ್ಮ ಕಾಲು ಎಲ್ಲಿತ್ತು ಸರ್?"

ಬ್ರೇಕ್ ಮೇಲೆ! ಗ್ಯಾರೇಜಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿರುತ್ತಾರೆ. ಪೆಡಲ್ ಮೇಲೆ ಯಾರ ಕಾಲೂ ಇರುವುದಿಲ್ಲ.

ಗಾಳಿ, ಪೆಟ್ರೋಲ್, ಕಿಡಿ ಮೂರೂ ಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. 1 ಗ್ರಾಂ ಪೆಟ್ರೋಲ್ ಉರಿಯಲು ಸುಮಾರು 14.7 ಗ್ರಾಂ ಗಾಳಿ. ಮುಂದೆ ಹೋಗೋಣ.

[ದೃಶ್ಯ: ಥ್ರಾಟಲ್ ಬಾಡಿ ಕೈಯಲ್ಲಿ. ತಟ್ಟೆ ಮುಚ್ಚಿದೆ.]

ನನಗೆ ತುಂಬ ಇಷ್ಟವಾದ ವಿಷಯ ಇದು. ಆಕ್ಸಿಲರೇಟರ್ ಬಿಟ್ಟಾಗ ಈ ತಟ್ಟೆ ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ. ಸಣ್ಣ ಸಂದಿನಲ್ಲೇ ಇಂಜಿನ್ ಉಸಿರೆಳೆಯಬೇಕು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. ತಟ್ಟೆಯ ಆ ಕಡೆ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೊಳವೆಯ ಒಳಗೆ, 30ರಿಂದ 40. ಅಂದರೆ ಎಲ್ಲಿ ಬಿರುಕು ಸಿಕ್ಕಿದರೂ ಹೊರಗಿನ ಗಾಳಿ ನುಗ್ಗುತ್ತದೆ.

ಮದುವೆ ಮನೆಯ ಕೊಪ್ಪರಿಗೆ ಸಾರಿಗೆ ಒಂದು ಲೋಟ ನೀರು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಲೋಟ ನೀರು ಮನೆಯ ಪುಟ್ಟ ಪಾತ್ರೆಗೆ ಬಿದ್ದರೆ? ಸಾರು ನೀರಾಯಿತು, ಅಲ್ವಾ? ಬಿರುಕಿನಿಂದ ನುಗ್ಗುವ ಗಾಳಿಯೇ ಆ ಲೋಟ ನೀರು. ಹೈವೇಯಲ್ಲಿ ಓಡುವ ಇಂಜಿನ್ ಕೊಪ್ಪರಿಗೆ. ಸಿಗ್ನಲ್‌ನಲ್ಲಿ ನಿಂತ ಇಂಜಿನ್ ಆ ಪುಟ್ಟ ಪಾತ್ರೆ. ಅದಕ್ಕೇ ಹೈವೇಯಲ್ಲಿ ಚೆನ್ನಾಗಿ ಓಡುವ ಕಾರು ಸಿಗ್ನಲ್‌ನಲ್ಲಿ ಕೈಕೊಡುತ್ತದೆ.

[ದೃಶ್ಯ: ಬಾನೆಟ್ ಒಳಗೆ, ಬ್ರೇಕ್ ಬೂಸ್ಟರ್.]

ಈ ದುಂಡನೆಯ ಕರಿ ಡಬ್ಬವೇ ಬ್ರೇಕ್ ಬೂಸ್ಟರ್. ಒಳಗೆ ರಬ್ಬರ್ ಪರದೆ. ಅದರ ಒಂದು ಕಡೆ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್, ಅಂದರೆ ಆ ಕಡಿಮೆ ಒತ್ತಡ. ಬ್ರೇಕ್ ಒತ್ತಿದಾಗ ಇನ್ನೊಂದು ಕಡೆಗೆ ಹೊರಗಿನ ಗಾಳಿ ಬಂದು ನಿಮ್ಮ ಕಾಲಿಗೆ ಬಲ ಕೊಡುತ್ತದೆ. ಪರದೆ ಹರಿದಿದ್ದರೆ ಆ ಗಾಳಿ ನೇರ ಇಂಜಿನ್‌ಗೆ ಹೋಗುತ್ತದೆ. ಏರ್ ಫಿಲ್ಟರ್ ಪಕ್ಕ ಗಾಳಿ ಅಳೆಯುವ ಸೆನ್ಸರ್ ಇದೆಯಲ್ಲ, ಅದಕ್ಕೆ ಈ ಗಾಳಿಯ ಲೆಕ್ಕವೇ ಸಿಗುವುದಿಲ್ಲ. ಪೆಟ್ರೋಲ್ ಅಷ್ಟೇ, ಗಾಳಿ ಜಾಸ್ತಿ. ಮಿಶ್ರಣ ತೆಳುವಾಗಿ ಇಂಜಿನ್ ಆಫ್. ಆ ಸೆನ್ಸರ್ ಬದಲು ಮ್ಯಾನಿಫೋಲ್ಡ್ ಒತ್ತಡ ನೋಡುವ ಕಾರುಗಳಲ್ಲಿ ಆಫ್ ಆಗುವ ಬದಲು ಆರ್‌ಪಿಎಂ ಏರಬಹುದು.

ಮನೆಯಲ್ಲೇ ನೋಡಬಹುದು. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್. ಇಂಜಿನ್ ಆಫ್ ಇರುವಾಗ ಪೆಡಲ್ ಐದಾರು ಸಲ ಒತ್ತಿ, ಕೊನೆಗೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ, ಅಥವಾ ಒತ್ತಿ ಹಿಡಿದಷ್ಟೂ ಹೊತ್ತು "ಸ್ಸ್" ಸದ್ದು ಬಂದು ಮುಳ್ಳು ಅಲುಗಿದರೆ, ಅನುಮಾನ ಬೂಸ್ಟರ್ ಮೇಲೆ.

ಸಮಯ ಆಗುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಇಂಜಿನ್ ಬಿಸಿಯಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಮೊದಲು ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ನೋಡಿಸಿ. ಟ್ಯಾಂಕ್ ತುಂಬಿಸಿದ ಕೂಡಲೇ ಆದರೆ, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಪರ್ಜ್ ವಾಲ್ವ್. ಬ್ಯಾಟರಿ ಬಿಚ್ಚಿದ ಮೇಲೆ ಶುರುವಾದರೆ ಥ್ರಾಟಲ್ ರೀಸೆಟ್, ಅಂದರೆ ಆ ತಟ್ಟೆಯ ಸ್ಥಾನವನ್ನು ಕಾರಿನ ಕಂಪ್ಯೂಟರ್‌ಗೆ ಮತ್ತೆ ಕಲಿಸುವುದು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ನೋಡಿ: ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಾಗ) ಪ್ಲಸ್ ಶೇಕಡಾ 10 ದಾಟಿ, 2,500 ಆರ್‌ಪಿಎಂನಲ್ಲಿ ಸೊನ್ನೆ ಹತ್ತಿರ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಓಡುವಾಗಲೇ ಇಂಜಿನ್ ನಿಂತರೆ ದಯವಿಟ್ಟು ಬ್ರೇಕ್ ಬಿಟ್ಟು ಬಿಟ್ಟು ಒತ್ತಬೇಡಿ. ಬೂಸ್ಟರ್ ಚೆನ್ನಾಗಿದ್ದರೂ ಅದರಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಮಾತ್ರ ಸಾಕು. ಬೂಸ್ಟರ್ ಹಾಳಾಗಿದ್ದರೆ ಅದೂ ಇಲ್ಲ, ಪೆಡಲ್ ಕಲ್ಲಿನಂತಾಗುತ್ತದೆ. ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಪೂರ್ತಿ ಬಲ ಹಾಕಿ ಒಂದೇ ಸಲ ಒತ್ತಿ ಹಿಡಿದು, ಎಡಕ್ಕೆ ನಿಲ್ಲಿಸಿ.